ಕಿಟಕಿ ತೆರೆದು ಕೂರುವವನು

ಅಜಿತಪ್ರಸಾದ ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿ ತೆರೆಯುತ್ತಿದ್ದ. ನಮಸ್ಕಾರ, ಕ್ಷೇಮಸಮಾಚಾರ, ಕುಡಿಯಲು ಕೊಟ್ಟ ನೀರು, ಎಲ್ಲವೂ ಆಮೇಲೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಂದು ಕಾಲನ್ನು ಒಳಗಿಟ್ಟು ಇನ್ನೊಂದನ್ನು ಹೊರಗೇ ಉಳಿಸಿಕೊಂಡು, ಮೂಗನ್ನು ತುಸು ಮೇಲೆತ್ತಿ ಒಂದು ಗಳಿಗೆ ನಿಲ್ಲುತ್ತಿದ್ದ. ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸುತ್ತಿದ್ದಾನೆಂದು ಹೊಸಬರು ತಿಳಿಯುತ್ತಿದ್ದರು. ಅವನು ಮೂಸುತ್ತಿದ್ದದ್ದು ಕೋಣೆಯನ್ನು. ಅಷ್ಟಾದ ಮೇಲೆ ಮನೆಯವರ ಅಪ್ಪಣೆ ಕೇಳದೆ ನೇರವಾಗಿ ಕಿಟಕಿಯ ಬಳಿಗೆ ಹೋಗಿ, ಚಿಲಕ ತೆಗೆದು, ಕದವನ್ನು ಹೊರಗೆ ದೂಡಿ, ಗಾಳಿಗೆ ಬಡಿಯದಂತೆ ಕೊಕ್ಕೆ ಸಿಕ್ಕಿಸಿ, ಆಮೇಲೆ ಬಂದು ಕೂರುತ್ತಿದ್ದ. ಮದುವೆಮನೆಯಲ್ಲೂ ಅಷ್ಟೇ, ಸಾವಿನ ಮನೆಯಲ್ಲೂ ಅಷ್ಟೇ. ಕಾಫಿ ಗಿಡಗಳ ಮೇಲೆ ಮಂಜು ಬಿದ್ದು ವಯನಾಡಿನ ಪನಮರಂ ಪೇಟೆಯೆಲ್ಲ ಕಂಬಳಿಯೊಳಗೆ ಮುದುಡಿಕೊಂಡ ಮಕರಮಾಸದ ಬೆಳಗಿನಲ್ಲೂ ಅಷ್ಟೇ. ಅವನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ ಸೀತ ಒಳಗಿಂದಲೇ ಕೂಗುತ್ತಿದ್ದಳು: “ಶಾಲು ಹೊದ್ಕೊಳ್ಳಿ, ಅಜಿತಣ್ಣ ಬಂದ್ರು!”

ಅವನು ಸೋತದ್ದು ಒಂದೇ ಕಡೆ, ಬಸದಿಯ ಗರ್ಭಗುಡಿಯ ಎದುರು. ಅಲ್ಲಿ ತೆರೆಯಲು ಕಿಟಕಿಯೇ ಇಲ್ಲ. “ಇಲ್ಲಿಗೇನು ಉಪಾಯ?” ಎಂದು ನಾನು ಒಮ್ಮೆ ಕೆಣಕಿದೆ. ಅವನು ಕೈಮುಗಿದುಕೊಂಡೇ ಹೇಳಿದ: “ತೀರ್ಥಂಕರರಿಗೆ ಉಸಿರಿನ ಹಂಗಿಲ್ಲ, ಬಿಡು. ಹಂಗಿರುವವರ ಕಡೆ ನೋಡುವ.”

ಅವನು ಹೋಗಿ ಒಂದು ಮಳೆಗಾಲ ಕಳೆದಿದೆ. ಅವನ ಬಗ್ಗೆ ಏನಾದರೂ ಬರೆಯಬೇಕೆಂದು ಅನೇಕ ಸಲ ಕೂತು ಎದ್ದಿದ್ದೇನೆ. ದುಃಖ ಬಿಸಿಯಾಗಿದ್ದಾಗ ಮಾತು ದೊಡ್ಡದಾಗುತ್ತದೆ. ಅವನಿಗೆ ದೊಡ್ಡ ಮಾತು ಕಂಡರೆ ಆಗುತ್ತಿರಲಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎತ್ತರದ ಆಳು, ತೆಳ್ಳಗೆ. ನಡೆಯುವಾಗ ತಲೆ ಬಲಕ್ಕೆ ವಾಲಿರುತ್ತಿತ್ತು, ದೂರದಲ್ಲಿ ಯಾರೋ ಮೆಲ್ಲಗೆ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ. ಮೈಮೇಲೆ ಯಾವಾಗಲೂ ಒಂದು ಕಂದುಬಣ್ಣದ ಉಣ್ಣೆಯ ಕೋಟು. ಅದರ ಎಡಜೇಬಿನಲ್ಲಿ ಒಂದು ಬೆಂಕಿಪೊಟ್ಟಣ, ಬಲಜೇಬಿನಲ್ಲಿ ಅರ್ಧಕ್ಕೆ ಮುರಿದ ಊದುಬತ್ತಿಗಳು. ದೇವರಿಗಲ್ಲ. ಊದುಬತ್ತಿ ಹಚ್ಚಿ ಕೋಣೆಯ ಮೂಲೆಯಲ್ಲಿ ಹಿಡಿದರೆ ಗಾಳಿ ಎತ್ತಣಿಂದ ಬಂದು ಎತ್ತ ಹೋಗುತ್ತದೆ, ಅಥವಾ ಎಲ್ಲಿಗೂ ಹೋಗದೆ ಕೊಳೆಯುತ್ತದೆ ಎಂಬುದನ್ನು ಹೊಗೆ ತೋರಿಸಿಕೊಡುತ್ತದೆ. ಆ ಹೊಗೆಯನ್ನು ಅವನು ಜ್ಯೋತಿಷಿ ಕವಡೆ ನೋಡುವ ಶ್ರದ್ಧೆಯಿಂದ ನೋಡುತ್ತಿದ್ದ. ಯಾವ ಪ್ರಶ್ನೆಗೂ ಹೌದು ಎನ್ನುತ್ತಿರಲಿಲ್ಲ, ಇಲ್ಲ ಎನ್ನುತ್ತಿರಲಿಲ್ಲ. “ನೋಡುವ” ಎನ್ನುತ್ತಿದ್ದ. ಮದುವೆಯ ಮಾತುಕತೆಯಲ್ಲಿ ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಅದನ್ನೇ ಅಂದನಂತೆ. “ಇನ್ನೂ ನೋಡ್ತಾನೇ ಇದ್ದಾರೆ” ಎಂದು ಅವನ ಹೆಂಡತಿ ವಿಮಲ ಕೂದಲು ನರೆತ ಮೇಲೂ ಹಂಗಿಸುತ್ತಿದ್ದರು.

ಈ ಕಿಟಕಿಯ ಗೀಳು ಎಲ್ಲಿಂದ ಬಂತೆಂದು ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಗೊತ್ತು, ಏಕೆಂದರೆ ಆ ದಿನ ನಾನೂ ಅಲ್ಲಿದ್ದೆ. ವಯನಾಡು ಆಗತಾನೆ ಜಿಲ್ಲೆಯಾಗಿತ್ತು. ಕಲ್ಪೆಟ್ಟಕ್ಕೆ ಕಲೆಕ್ಟರು ಬಂದರು, ಕಚೇರಿಗಳು ಬಂದವು ಎಂದು ಊರಿಗೆ ಊರೇ ಸಂಭ್ರಮದಲ್ಲಿತ್ತು. ನಾವಿಬ್ಬರೂ ಇಪ್ಪತ್ತರ ಆಸುಪಾಸಿನವರು. ಅವನ ತಂದೆ ಆದಿರಾಜಯ್ಯನವರು ಎದೆಯ ಕಾಯಿಲೆಯಲ್ಲಿ ಮಲಗಿದ್ದರು. ಚಳಿ ತಗಲಿದರೆ ಉಳಿಯಲಾರರೆಂದು ಬಂಧುಗಳು ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಹಳೆಯ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಕೊನೆಯ ನೋಟಕ್ಕೆಂದು ಬಂದವರು ಬಂದಂತೆ ಆ ಸಣ್ಣ ಕೋಣೆಯಲ್ಲೇ ನಿಂತರು. ಆದಿರಾಜಯ್ಯನವರು ಮಾತು ಬಾರದ ಸ್ಥಿತಿಯಲ್ಲಿ ಕೈಯನ್ನು ಎತ್ತಿ ಪೂರ್ವದ ಗೋಡೆಯ ಕಡೆಗೆ ತೋರಿಸಿದರು. ಆ ದಿಕ್ಕಿನಲ್ಲಿ ಬಸದಿಯಿದೆ. ಹಿರಿಯರು ಅದನ್ನು ಅರ್ಥಮಾಡಿಕೊಂಡರು, ಪುಣ್ಯವಂತರು, ಕೊನೆಗಾಲದಲ್ಲಿ ದೇವರ ದಿಕ್ಕು ನೆನಪಾಯಿತು ಎಂದು ಕಣ್ಣೀರಿಟ್ಟರು, ಎಲ್ಲರೂ ಸೇರಿ ಪಂಚನಮಸ್ಕಾರ ಹೇಳತೊಡಗಿದರು. ಕೈ ಮತ್ತೆ ಎದ್ದಿತು. ಮಂತ್ರ ಇನ್ನೂ ಗಟ್ಟಿಯಾಯಿತು.

ಆ ಗೋಡೆಯಲ್ಲಿ ಕಿಟಕಿಯೂ ಇತ್ತು.

ಅಜಿತನಿಗೆ ಮಾತ್ರ ಅದು ತಿಳಿದಿತ್ತು. “ಅಪ್ಪ ಕಿಟಕಿ ತೆಗಿ ಅಂತಿದ್ದಾರೆ” ಎಂದು ಅವನು ಜನರ ಹಿಂದಿನಿಂದ ಹೇಳಿದ. ಯಾರೋ “ಸುಮ್ಮನಿರು, ಈಗ ಮಾತಾಡಬಾರದು” ಎಂದು ಗದರಿದರು. ಅವನು ಜನರ ನಡುವೆ ದಾರಿ ಮಾಡಿಕೊಂಡು ಕಿಟಕಿ ಮುಟ್ಟುವಷ್ಟರಲ್ಲಿ ಆದಿರಾಜಯ್ಯನವರ ಕೈ ಹಾಸಿಗೆಗೆ ಬಿದ್ದಿತ್ತು. ಕಿಟಕಿ ತೆರೆದಿದ್ದರೆ ಅವರು ಬದುಕುತ್ತಿದ್ದರೆಂದು ಅಜಿತ ಎಂದೂ ಹೇಳಲಿಲ್ಲ. “ಬದುಕ್ತಿರಲಿಲ್ಲ. ಆದರೆ ಒಂದು ಒಳ್ಳೆ ಉಸಿರು ತಗೊಂಡು ಹೋಗ್ತಿದ್ರು” ಎಂದಷ್ಟೇ ಹೇಳುತ್ತಿದ್ದ.

ಡಿಪ್ಲೊಮಾ ಮುಗಿಸಿದವನಿಗೆ ಕಲ್ಪೆಟ್ಟದ ಹೊಸ ಕಚೇರಿಯೊಂದರಲ್ಲಿ ವಿದ್ಯುತ್ ವಿಭಾಗದ ಕೆಲಸ ಸಿಕ್ಕಿತು. ಹೊಸ ಜಿಲ್ಲೆಗೆ ಸ್ವಂತ ಕಟ್ಟಡಗಳಿರಲಿಲ್ಲ. ಲಾಡ್ಜುಗಳ ಮಾಳಿಗೆ, ಗೋದಾಮು, ಯಾರದೋ ಹಳೆಯ ಮನೆ, ಎಲ್ಲದರೊಳಗೂ ಪ್ಲೈವುಡ್ ಹಲಗೆಯ ಗೋಡೆ ನಿಲ್ಲಿಸಿ ಒಂದೊಂದು ಇಲಾಖೆಯನ್ನು ತುಂಬಿದ್ದರು. ಕಡತದ ಕಪಾಟುಗಳಿಗೆ ಜಾಗ ಸಾಲದೆ ಅವುಗಳನ್ನು ಕಿಟಕಿಗಳಿಗೆ ಅಡ್ಡವಾಗಿ ನಿಲ್ಲಿಸಿದ್ದರು. ಹಗಲಲ್ಲೂ ಟ್ಯೂಬ್‌ಲೈಟು. ಮಧ್ಯಾಹ್ನವಾದರೆ ಇಡೀ ಕಚೇರಿ ಆಕಳಿಸುತ್ತಿತ್ತು. ಅದು ಊಟದ ಜೊಂಪು ಎಂದು ಹೆಡ್ ಕ್ಲರ್ಕ್ ಬಾಲನ್ ನಂಬಿದ್ದರು. ಅಜಿತ ಊದುಬತ್ತಿ ಹಚ್ಚಿ ಅವರ ಮೇಜಿನ ಬಳಿ ಹಿಡಿದು, ಹೊಗೆ ಅಲ್ಲಾಡದೆ ದಾರದ ಹಾಗೆ ನಿಂತದ್ದನ್ನು ತೋರಿಸಿದ. “ಊಟದ್ದಲ್ಲ ಸಾರ್. ನಾವು ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಳೀತಿದ್ದೇವೆ.” ಬಾಲನ್ ಆ ಹೊಗೆಗೆ ಕೈಮುಗಿದು, “ಪ್ರಸಾದೇ, ಪೂಜೆ ಬೆಳಿಗ್ಗೆ ಮಾಡು, ಇದು ಆಫೀಸು” ಎಂದರಂತೆ. ಒಂದು ಭಾನುವಾರ ಅಜಿತ ಒಬ್ಬನೇ ಹೋಗಿ ಕಪಾಟುಗಳನ್ನೆಲ್ಲ ಒಳಗೋಡೆಗೆ ಸರಿಸಿ ಕಿಟಕಿಗಳನ್ನು ಬಿಡಿಸಿದ. ಸೋಮವಾರ ಅವನಿಗೆ ಮೆಮೊ ಬಂತು, ಅನುಮತಿಯಿಲ್ಲದೆ ಸರಕಾರಿ ಪೀಠೋಪಕರಣಗಳ ಸ್ಥಾನಪಲ್ಲಟ ಮಾಡಿದ್ದಕ್ಕೆ. ಆ ಮೆಮೊವನ್ನು ಸ್ವತಃ ಟೈಪು ಮಾಡಿಸಿದ ಬಾಲನ್ ಆ ಮಧ್ಯಾಹ್ನ ಆಕಳಿಸಲಿಲ್ಲವೆಂಬುದು ಅಜಿತನ ಜೀವಮಾನದ ಹೆಮ್ಮೆಗಳಲ್ಲೊಂದು.

ದೀಪದ ಬಗೆಗಿನ ಅವನ ನಿಷ್ಠುರ ತಾಯಿ ರತ್ನಮ್ಮನವರಿಂದ ಬಂದದ್ದು. ಅವರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಕತ್ತಲಾದ ಮೇಲೆ ಉರಿಯುವ ದೀಪಕ್ಕೆ ಹುಳಹುಪ್ಪಟೆ ಬಂದು ಬಿದ್ದು ಸಾಯುತ್ತವೆ, ಆದ್ದರಿಂದ ಬೇಡದ ದೀಪ ಪಾಪ. ವಿದ್ಯುತ್ ಉಳಿತಾಯವೆಂದು ಸರಕಾರ ಗೋಡೆಯ ಮೇಲೆ ಬರೆಸಿದ್ದನ್ನು ಆ ಮನೆ ತಲೆಮಾರುಗಳಿಂದ ಧರ್ಮವೆಂದು ನಡೆಸಿತ್ತು. “ಆಳಿಲ್ಲದ ಕಡೆ ದೀಪ ಉರಿಸುವುದು ಹುಳಕ್ಕೆ ಮಾಡುವ ಮೋಸ” ಎಂದು ಅಜಿತ ಹೇಳುತ್ತಿದ್ದ. ಆಳಿರುವ ಕಡೆ ಗಾಳಿಯಿರಬೇಕು, ಆಳಿಲ್ಲದ ಕಡೆ ದೀಪವಿರಬಾರದು. ಅವನ ಇಡೀ ವಿದ್ಯೆಯ ಸಾರ ಈ ಎರಡು ವಾಕ್ಯ. ಆದರೆ ಆಳು ಇದ್ದಾನೋ ಇಲ್ಲವೋ ಎಂಬುದನ್ನು ಗೋಡೆಗೆ ತಿಳಿಸುವುದು ಹೇಗೆ? ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಅವನ ನಿವೃತ್ತಿಯ ವರ್ಷಗಳು ಕಳೆದವು.

ಆ ಹೊತ್ತಿಗೆ ಕಾಲ ಅವನ ಕಡೆಗೆ ಬಂದಿತ್ತು. ಕೋಣೆಯ ಬಿಸಿ, ತೇವ, ಜನರು ಬಿಟ್ಟ ಉಸಿರಿನ ಭಾರ, ಎಲ್ಲವನ್ನೂ ಅಳೆಯುವ ಬೆರಳುದ್ದದ ಸೆನ್ಸರುಗಳು ಅಗ್ಗವಾಗಿ ಸಿಗುತ್ತಿದ್ದವು. ಕೋಟಿನ ಜೇಬಿನಲ್ಲಿ ಊದುಬತ್ತಿಯ ಜೊತೆಗೆ, ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಪುಟ್ಟ ಮೀಟರು ಸೇರಿತು. ತೆರೆದ ಬಯಲಿನಲ್ಲಿ ಅದು ನಾನೂರರ ಸುತ್ತ ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಜನ ಕೂತಂತೆ ಏರುತ್ತದೆ. ಸಾವಿರ ದಾಟಿದರೆ ತಲೆ ಭಾರ. ನನ್ನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಮೀಟರು ಹಿಡಿದು ನಿಂತು, “ನಿನ್ನ ಗಿರಾಕಿಗಳು ಚೌಕಾಸಿ ಮಾಡದೆ ಹೋಗುವುದು ನಿನ್ನ ಪ್ರಾಮಾಣಿಕತೆಗಲ್ಲ, ಉಸಿರು ಕಟ್ಟಿ” ಎಂದ.

ಅವನ ದೊಡ್ಡಪ್ಪನ ಮಗ ಪದ್ಮರಾಜರು ಕಾಫಿ ತೋಟದವರು. ತಮ್ಮ ತಾಯಿಯ ನೆನಪಿಗೆ ಪನಮರಂ ಹತ್ತಿರ ಜಾಗ ಕೊಟ್ಟು, ಗುಣವಾಗದ ಕಾಯಿಲೆಯವರಿಗಾಗಿ ಒಂದು ಆರೈಕೆಯ ಮನೆ ಕಟ್ಟಿಸಲು ಹೊರಟರು. ಕೋಣೆಗೆ ಎರಡು ಹಾಸಿಗೆಯ ಸಣ್ಣ ಕಟ್ಟಡ. ಪದ್ಮರಾಜರ ಕಣ್ಣ ಮುಂದೆ ಇದ್ದದ್ದು ದೊಡ್ಡ ಊರಿನ ಆಸ್ಪತ್ರೆ: ಮುಂಭಾಗಕ್ಕೆ ಗಾಜು, ಒಳಗೆ ಎಸಿ, ತೆರೆಯಲು ಬಾರದ ಕಿಟಕಿ. ಅಜಿತ ಆ ನಕ್ಷೆಯ ಕಿಟಕಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ.

“ಪದ್ಮಣ್ಣ, ಸಾಯಲಿಕ್ಕೆ ಬರುವವರನ್ನ ಶೀಶೆಯೊಳಗೆ ಹಾಕಿ ಮುಚ್ಚಳ ಹಾಕ್ತೀರಾ?”

“ಚಳಿ ಬೇಡವಾ? ಧೂಳು ಬೇಡವಾ? ಪಿನ್ನೆ, ಕಿಟಕಿ ತೆರೆದು ಕೂರಲಿಕ್ಕೆ ಎಲ್ಲರೂ ನಿನ್ನ ಹಾಗೆ ಹುಚ್ಚರಾ?”

“ಚಳಿ ಬಾರದ ಹಾಗೆ ಗಾಳಿ ತರುವ. ಒಂದು ಅವಕಾಶ ಕೊಡಿ.”

ಕೊಟ್ಟರು. ಅಜಿತ ಆ ಮನೆಯನ್ನು ಕಟ್ಟಲಿಲ್ಲ, ಅದಕ್ಕೆ ಶ್ವಾಸಕೋಶ ಜೋಡಿಸಿದ. ಸೂರಿನ ಕೆಳಗೆ ಸಣ್ಣ ಮೋಟಾರುಗಳಿಂದ ತಾವೇ ತೆರೆದು ಮುಚ್ಚುವ ಮೇಲ್ಗಿಟಕಿಗಳು. ಮಳೆ ಬಿದ್ದರೆ ಅವು ಮುಚ್ಚಿಕೊಳ್ಳುತ್ತವೆ, ಆಗ ಗೋಡೆಯೊಳಗಿನ ಒಂದು ಪೆಟ್ಟಿಗೆ, ಹೊರಹೋಗುವ ಹಳೆಯ ಗಾಳಿಯ ಬೆಚ್ಚನ್ನು ಕಸಿದು ಒಳಬರುವ ಹೊಸ ಗಾಳಿಗೆ ಕೊಟ್ಟು, ಕೋಣೆಯನ್ನು ಚಳಿಯಾಗದಂತೆ ಉಸಿರಾಡಿಸುತ್ತದೆ. ಬಿಸಿಲು ಏರಿದಂತೆ ದೀಪ ತಾನೇ ಮಂಕಾಗುತ್ತದೆ. ಕೋಣೆಯಲ್ಲಿ ಅಲುಗಾಟವಿಲ್ಲದಿದ್ದರೆ, ಆಳಿಲ್ಲವೆಂದು ತಿಳಿದು, ದೀಪ, ಫ್ಯಾನು, ಪೆಟ್ಟಿಗೆ ಮೂರೂ ನಿಲ್ಲುತ್ತವೆ. ಆಳಿರುವ ಕಡೆ ಗಾಳಿ, ಆಳಿಲ್ಲದ ಕಡೆ ಕತ್ತಲೆ. ಬದುಕಿನ ಎರಡು ವಾಕ್ಯಗಳು ಕೊನೆಗೂ ಒಂದು ಮನೆಯಾಗಿ ನಿಂತವೆಂದು ಅವನು ಹಿಗ್ಗಿದ್ದ. ತನ್ನ ಅಪ್ಪನಿಗಾದದ್ದು ಈ ಸೂರಿನ ಕೆಳಗೆ ಯಾರಿಗೂ ಆಗುವುದಿಲ್ಲ ಎಂದು ಒಮ್ಮೆ, ಒಂದೇ ಒಮ್ಮೆ, ನನ್ನಲ್ಲಿ ಹೇಳಿದ.

ಆ ಮನೆಯ ಮೂಲೆಯ ಕೋಣೆಯಲ್ಲಿ ವೆಳ್ಳಚ್ಚಿ ಎಂಬ ಮುದುಕಿ ಮಲಗಿದ್ದಳು. ಒಂದು ಕಾಲದಲ್ಲಿ ಅಜಿತನ ಮನೆಯ ಗದ್ದೆಗಳಲ್ಲಿ ನಾಟಿ ಮಾಡಿ ಬೆನ್ನು ಬಾಗಿಸಿಕೊಂಡವಳು, ರತ್ನಮ್ಮನವರ ಓರಗೆಯವಳು. ಈಗ ಅವಳ ಎದೆಗೆ ಉಸಿರು ಸಾಲುತ್ತಿರಲಿಲ್ಲ. ಇಂಥವರಿಗೆ ಮುಖದ ಮೇಲೆ ಸದಾ ಗಾಳಿ ಆಡುತ್ತಿದ್ದರೆ ಅರ್ಧ ಸಂಕಟ ಕಡಿಮೆ ಎಂದು ಸಿಸ್ಟರ್ ಶಾಂತ ಫ್ಯಾನನ್ನು ಅವಳ ಮುಖಕ್ಕೆ ತಿರುಗಿಸಿಟ್ಟಿದ್ದಳು. ಪಕ್ಕದ ಹಾಸಿಗೆ ಖಾಲಿ. ರತ್ನಮ್ಮನವರು ದಿನವೂ ಸಂಜೆ ಊಟ ಮುಗಿಸಿ ಬಂದು ಆ ಖಾಲಿ ಹಾಸಿಗೆಯ ಮೇಲೆ ಕೂತು ಅವಳೊಂದಿಗೆ ಮಾತಾಡಿ, ಹೊತ್ತು ಮುಳುಗುವಾಗ ಅಲ್ಲೇ ಸಾಮಾಯಿಕಕ್ಕೆ ಕೂರುತ್ತಿದ್ದರು. ಸಾಮಾಯಿಕವೆಂದರೆ ಒಂದು ಮುಹೂರ್ತ ಕಾಲ ಮೈ ಅಲುಗಾಡಿಸದೆ, ಮಾತಾಡದೆ, ಎಲ್ಲ ಜೀವಗಳ ಮೇಲೂ ಸಮಭಾವವಿಟ್ಟು ಕೂರುವ ವ್ರತ. ಕೈಯ ಮೇಲೆ ಸೊಳ್ಳೆ ಕೂತರೂ ರತ್ನಮ್ಮನವರು ಕದಲಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ನಡುವೆ ಎದ್ದವರಲ್ಲ.

ಅದು ಕರ್ಕಾಟಕ ಮಾಸದ ಮಳೆಯ ಸಂಜೆ. ಅಲುಗಾಟ ನೋಡುವ ವ್ಯವಸ್ಥೆಯನ್ನು ಅಜಿತ ಅಂದಷ್ಟೇ ಚಾಲೂ ಮಾಡಿದ್ದ. ಅಜಿತ, ಪದ್ಮರಾಜರು, ನಾನು ಎದುರಿನ ಜಗುಲಿಯಲ್ಲಿ ನಿಂತಿದ್ದೆವು. ಈ ಯಂತ್ರದಿಂದ ಏನು ಪ್ರಯೋಜನ ಎಂದು ಪದ್ಮರಾಜರು ಕೇಳುತ್ತಿದ್ದರು. ಅಷ್ಟರಲ್ಲಿ ಮೂಲೆಯ ಕೋಣೆಯ ದೀಪ ತಾನಾಗಿ ಆರಿತು.

“ಕಂಡಿರಾ ಪದ್ಮಣ್ಣ?” ಅಜಿತನ ದನಿಯಲ್ಲಿ ಮಗುವಿನ ಖುಷಿ. “ಆಳಿಲ್ಲ. ಯಾರೂ ಸ್ವಿಚ್ ಒತ್ತಲಿಲ್ಲ, ತಾನೇ ಆರಿಸಿತು.”

ಪದ್ಮರಾಜರು ತಲೆದೂಗಿದರು. ನಾನೂ ಮೆಚ್ಚಿದೆ. ಅದು ಯಾರ ಕೋಣೆಯೆಂದು ಆ ಗಳಿಗೆಯಲ್ಲಿ ನಮಗೆ ಹೊಳೆಯಲೇ ಇಲ್ಲ. ಆ ಕತ್ತಲ ಕಿಟಕಿಯನ್ನು ನಾವು ಮೂವರೂ ಒಂದು ಚಿತ್ರವನ್ನು ನೋಡುವಂತೆ ನೋಡುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಅಲ್ಲಿ ದೀಪ ಫಕ್ಕನೆ ಹೊತ್ತಿತು, ಮತ್ತು ರತ್ನಮ್ಮನವರ ಕೂಗು ಕೇಳಿತು: “ಶಾಂತಾ! ಓಡಿ ಬಾ!”

ನಾವು ಹೋದಾಗ ರತ್ನಮ್ಮನವರು ವೆಳ್ಳಚ್ಚಿಯ ಹಾಸಿಗೆಯ ಬಳಿ ನಿಂತು ಸೆರಗಿನಿಂದ ಬೀಸುತ್ತಿದ್ದರು. ವೆಳ್ಳಚ್ಚಿಯ ತುಟಿ ನೀಲಿಗಟ್ಟಿತ್ತು. ಆಗಿದ್ದು ಇಷ್ಟೇ: ಒಬ್ಬಾಕೆ ವ್ರತದಲ್ಲಿ ಅಲುಗಾಡದೆ ಕೂತಿದ್ದಳು, ಇನ್ನೊಬ್ಬಾಕೆ ಅಲುಗಾಡಲು ಶಕ್ತಿಯಿಲ್ಲದೆ ಮಲಗಿದ್ದಳು. ಮನೆ ನೋಡಿತು, ಇಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸಿತು. ಮಳೆಗೆ ಮೇಲ್ಗಿಟಕಿ ಮುಚ್ಚಿತ್ತು. ಪೆಟ್ಟಿಗೆ ನಿಂತಿತು, ಫ್ಯಾನು ನಿಂತಿತು, ದೀಪ ಆರಿತು. ಕತ್ತಲಲ್ಲಿ ವೆಳ್ಳಚ್ಚಿ ಏದುಸಿರು ಬಿಡುವುದನ್ನು ರತ್ನಮ್ಮನವರು ಕೇಳಿದರು. ಸಮಭಾವದ ವ್ರತ ಒಂದು ಕಡೆ, ಸಮವಯಸ್ಸಿನ ಜೀವ ಒಂದು ಕಡೆ. ಎದ್ದರು. ಅವರು ಎದ್ದ ಕ್ಷಣವೇ ದೀಪ, ಫ್ಯಾನು ಎಲ್ಲ ಬಂದವು.

ಶಾಂತ ಆಮ್ಲಜನಕ ಹಿಡಿದಳು. ಉಸಿರು ದಾರಿಗೆ ಬಂದ ಮೇಲೆ ವೆಳ್ಳಚ್ಚಿ ಅಜಿತನನ್ನು ಹುಡುಕಿ ನೋಡಿದಳು. ಅವನನ್ನು ಎತ್ತಿ ಆಡಿಸಿದವಳು. “ನಿನ್ನ ಪಂಖ ನಾನು ಚತ್ತೆ ಅಂತ ತಿಳೀತಾ ಮೋನೇ? ಹೇಳಿ ಕಳಿಸು ಅದಕ್ಕೆ. ಇನ್ನೂ ಸ್ವಲ್ಪ ಬಾಕಿ ಉಂಟು.”

ಯಾರೂ ನಗಲಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಅಜಿತ ಒಂದು ಮಡಚಿದ ಪತ್ರಿಕೆಯಿಂದ ಅವಳಿಗೆ ಬೀಸುತ್ತ ಕೂತ. ರತ್ನಮ್ಮನವರು ಮಗನ ಮೇಲೆ ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದರು: “ಅಲ್ಲ ಮಗಾ, ಕೈಕಾಲು ಆಡಿಸುವವರು ಮಾತ್ರ ನಿನ್ನ ಮನೆಗೆ ಮನುಷ್ಯರಾ? ಉಸಿರಾಡುವವರು ಆಗುವುದಿಲ್ಲವಾ?”

ತಾಯಿ ಅಲುಗಾಡದೆ ಕೂರುವುದನ್ನು ತೊಟ್ಟಿಲಿನಿಂದಲೇ ಕಂಡವನು ಅವನು. ಲೋಕದ ಬೇರಾವ ಎಂಜಿನಿಯರನಾದರೂ ಮರೆಯಬಹುದಾದದ್ದನ್ನು ಅವನು ಮರೆಯುವಂತಿರಲಿಲ್ಲ. ಮರೆತಿದ್ದ. ಅಪ್ಪ ಎತ್ತಿದ ಕೈಯನ್ನು ಹಿರಿಯರು ತಪ್ಪಾಗಿ ಓದಿದ್ದರು. ಅವನ ಯಂತ್ರ ಎತ್ತಲಾಗದ ಕೈಯನ್ನು ಓದಲೇ ಇಲ್ಲ. ಆ ಸಂಜೆ ಹೊರಗೆ ಬರುವಾಗ ಅವನ ತಲೆ ಬಲಕ್ಕೆ ವಾಲಿರಲಿಲ್ಲ, ಎದೆಯ ಮೇಲೆ ಬಾಗಿತ್ತು.

“ಮತಿ, ಸಾಕು ಅಜಿತಾ” ಎಂದರು ಪದ್ಮರಾಜರು ಜಗುಲಿಯಲ್ಲಿ. “ಎಲ್ಲ ಕಿತ್ತು ಹಾಕು. ಎಸಿ ಕೂರಿಸುವ, ಗಾಜು ಹಾಕುವ.”

ಅವನು ‘ನೋಡುವ’ ಎನ್ನುತ್ತಾನೆಂದು ನಾನು ಕಾದೆ. ಅವನು “ಬೇಡ” ಎಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ನೇರ ಉತ್ತರ ಅದು. “ತಪ್ಪು ಗಾಳಿಯದ್ದಲ್ಲ, ನನ್ನದು. ಮಳೆಗಾಲ ಮುಗಿಯುವ ತನಕ ಬಿಡಿ. ಅಷ್ಟರಲ್ಲಿ ಸರಿಯಾಗದಿದ್ದರೆ ನಾನೇ ಸ್ಕ್ರೂ ಬಿಚ್ಚಿ ಕೊಡ್ತೇನೆ.”

ಆ ಮಳೆಗಾಲವಿಡೀ ಅವನು ಅಲ್ಲಿ ರೋಗಿಯಾದ. ಅಲುಗಾಟ ನೋಡುವ ಕಣ್ಣುಗಳನ್ನು ಅಂದೇ ಕಿತ್ತುಹಾಕಿ, ಉಸಿರು ಅಳೆಯುವ ಮೀಟರನ್ನು ಪ್ರತಿ ಹಾಸಿಗೆಯ ತಲೆಯ ಬಳಿ ಗೋಡೆಗೆ ಕೂರಿಸಿದ. ಆಮೇಲೆ ವೆಳ್ಳಚ್ಚಿಯ ಪಕ್ಕದ ಖಾಲಿ ಹಾಸಿಗೆಯ ಮೇಲೆ ಕೋಟು ಸಮೇತ ಮಲಗಿ, ಕೈಕಾಲು ಆಡಿಸದೆ, ಮನೆ ತನ್ನನ್ನು ಗುರುತಿಸುತ್ತದೋ ಇಲ್ಲವೋ ಎಂದು ಕಾಯುತ್ತಿದ್ದ. ಪೇಟೆಯಲ್ಲಿ ಸುದ್ದಿ ಹಬ್ಬಿ, ಅವನ ಕಥೆ ಮುಗಿಯಿತೆಂದು ಜನ ನೇಂದ್ರಬಾಳೆಯ ಹಣ್ಣು ಹಿಡಿದು ನೋಡಲು ಬಂದರು. ಅವನು ಕಣ್ಣು ಮಾತ್ರ ಹೊರಳಿಸಿ, “ಮಾತಾಡಿಸಬೇಡಿ, ನಾನೀಗ ಅಲುಗಾಡುವಂತಿಲ್ಲ” ಎಂದರೆ ಅವರ ಕಣ್ಣಲ್ಲಿ ನೀರು. ಹಣ್ಣನ್ನೆಲ್ಲ ಶಾಂತ ಹಂಚುತ್ತಿದ್ದಳು. “ಸಾರ್, ಇನ್ನೊಂದು ವಾರ ಹೀಗೇ ಮಲಗಿ. ನಮ್ಮ ಮನೆಗೂ ಒಂದು ಗೊನೆ ಬೇಕಿತ್ತು” ಎನ್ನುತ್ತಿದ್ದಳು.

ಹಾಗೆ ಮಲಗಿ ಅವನು ಕಲಿತದ್ದನ್ನು ನಿಂತವನು ಕಲಿಯಲಾರ. ದೀಪ ನೇರ ಕಣ್ಣಿಗೆ ಹೊಡೆಯುವುದು ಮಲಗಿದವರಿಗೆ ಮಾತ್ರ ಗೊತ್ತು. ಫ್ಯಾನು ಏಕಾಏಕಿ ನಿಂತರೆ ಎದೆಯೂ ನಿಂತಂತೆ ಆಗುವುದು ಮಲಗಿದವರಿಗೆ ಮಾತ್ರ ಗೊತ್ತು. ಅದಕ್ಕಾಗಿ ಒಂದು ನೇಮ ಮಾಡಿದ: ಹಾಸಿಗೆಯಲ್ಲಿ ಉಸಿರಿರುವ ತನಕ ಈ ಮನೆಯ ಗಾಳಿ ನಿಧಾನವಾಗಬಹುದು, ನಿಲ್ಲಬಾರದು. ಉಸಿರು ಹೆಚ್ಚಾದರೆ ಗಾಳಿ ಹೆಚ್ಚಾಗಬೇಕು. ಮತ್ತು ಪ್ರತಿ ಹಾಸಿಗೆಯ ಪಕ್ಕ, ಮಲಗಿದವರ ಬೆರಳಿಗೆ ಸಿಗುವಂತೆ, ಒಂದು ನೂಲಿನ ದಾರ ತೂಗುಹಾಕಿದ. ಅದನ್ನು ತುಸು ಎಳೆದರೆ ಸಾಕು, ಯಂತ್ರ ಏನೇ ಹೇಳಲಿ, ಮೇಲ್ಗಿಟಕಿ ತೆರೆಯುತ್ತದೆ. ಮೊದಲ ಸಲ ದಾರ ಎಳೆದವಳು ವೆಳ್ಳಚ್ಚಿ. ಕಿಟಕಿ ಕಿರ್ರೆಂದು ತೆರೆದು ಒಳಗೆ ನಾಲ್ಕು ಮಳೆಹನಿ ಬಿದ್ದಾಗ, “ಇದು ಶರಿ. ಇದು ನನ್ನ ಮಾತು ಕೇಳ್ತದೆ” ಎಂದಳು. ಅವಳು ಓಣಂ ಕಳೆದ ಮೇಲೆ ತೀರಿಕೊಂಡಳು, ದಾರ ಬೆರಳಿಗೆ ಸುತ್ತಿಕೊಂಡೇ. ಪದ್ಮರಾಜರು ಕಿತ್ತುಹಾಕುವ ಮಾತು ಮತ್ತೆ ಎತ್ತಲಿಲ್ಲ. ಕರೆಂಟಿನ ಬಿಲ್ಲು ತಮ್ಮ ಮನೆಯದಕ್ಕಿಂತ ಕಡಿಮೆ ಬಂದಾಗ ಮಾತ್ರ, “ನಮ್ಮ ಮನೆಗೂ ಒಮ್ಮೆ ಬಾ” ಎಂದು ಅತ್ತ ತಿರುಗಿ ಹೇಳಿದರಂತೆ.

ವಿಧಿಗೆ ಒರಟಾದ ವಿನೋದಪ್ರಜ್ಞೆ ಇದೆ. ಊರಿನ ಉಸಿರನ್ನೆಲ್ಲ ಅಳೆದವನ ಶ್ವಾಸಕೋಶವೇ ಗಟ್ಟಿಯಾಗತೊಡಗಿತು. ಕಾರಣ ಹೇಳಲು ಬರುವುದಿಲ್ಲ, ಗುಣವಾಗುವುದೂ ಇಲ್ಲ ಎಂದು ಕೋಳಿಕ್ಕೋಡಿನ ವೈದ್ಯರು ಹೇಳಿದರು. ಅವನು ಎಂದಿನಂತೆ “ನೋಡುವ” ಎಂದ. ಮೆಟ್ಟಿಲು ಹತ್ತುವುದು ಮೊದಲು ಬಿಟ್ಟಿತು, ಸ್ಕೂಟರು ಬಿಟ್ಟಿತು, ಉದ್ದ ವಾಕ್ಯಗಳು ಬಿಟ್ಟವು. ರತ್ನಮ್ಮನವರು ಇದನ್ನು ನೋಡುವ ಮೊದಲೇ ಹೋಗಿದ್ದರೆಂಬುದೊಂದೇ ಸಮಾಧಾನ. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದಾಗ ಅವನು ತಾನಾಗಿ ಆರೈಕೆಯ ಮನೆಗೆ ಹೋಗುತ್ತೇನೆಂದ. ಮೂಲೆಯ ಕೋಣೆ, ವೆಳ್ಳಚ್ಚಿ ಮಲಗಿದ್ದ ಹಾಸಿಗೆ. ಶಾಂತ ಬಾಗಿಲಲ್ಲಿ ನಿಂತು, “ಈ ಸಲವೂ ಪರೀಕ್ಷೆಗಾ ಸಾರ್?” ಎಂದು ನಗಲು ನೋಡಿ, ಮುಖ ತಿರುಗಿಸಿಕೊಂಡಳು.

ಕೋಟನ್ನು ಮಂಚದ ತಲೆಗೆ ತೂಗುಹಾಕಿದ್ದರು. ಸೂರ್ಯಾಸ್ತವಾದ ಮೇಲೆ ಒಂದು ಚಮಚ ಗಂಜಿಯನ್ನೂ ಅವನು ಮುಟ್ಟುತ್ತಿರಲಿಲ್ಲ. ವಿಮಲ ಅತ್ತು ಕೇಳಿಕೊಂಡರೂ ಇಲ್ಲ. ನಾನು ದಿನವೂ ಅಂಗಡಿ ಮುಚ್ಚುವ ಮೊದಲೇ ಹೋಗಿ ಪಕ್ಕದ ಹಾಸಿಗೆಯಲ್ಲಿ ಕೂರುತ್ತಿದ್ದೆ. ಪೇಟೆಯ ಸುದ್ದಿ, ಮೆಣಸಿನ ಧಾರಣೆ, ಯಾರದೋ ಜಗಳ, ಏನಾದರೊಂದು ಹೇಳಿ ಆ ಮೌನವನ್ನು ತುಂಬಬೇಕೆಂಬ ಹಟ ನನಗೆ. ಒಂದು ದಿನ ಅವನು ಬೆರಳೆತ್ತಿ ನನ್ನನ್ನು ತಡೆದ. ಗೋಡೆಯ ಮೀಟರಿನ ಕಡೆ ತೋರಿಸಿ, ಒಂದೊಂದೇ ಪದಕ್ಕೆ ನಿಂತು ನಿಂತು ಹೇಳಿದ: “ಮಾತು ಬೇಡ. ಸುಮ್ಮನೆ ಕೂತು ಉಸಿರಾಡು. ನೀನಿದ್ದದ್ದು… ಗೋಡೆಗೆ ಗೊತ್ತಾಗ್ತದೆ.” ಆಮೇಲೆ ನಾನು ಸುಮ್ಮನೆ ಕೂರಲು ಕಲಿತೆ. ನಾನು ಬಂದು ಕೂತ ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ತುಸು ಏರುತ್ತಿತ್ತು, ಗೋಡೆಯೊಳಗಿನ ಪೆಟ್ಟಿಗೆ ಒಂದು ಸ್ವರ ಮೇಲೆ ಹೋಗುತ್ತಿತ್ತು. ಕಣ್ಣು ಮುಚ್ಚಿದ್ದ ಅವನ ಮುಖದಲ್ಲಿ, ಯಾರೋ ಬಂದರು ಎಂದು ತಿಳಿದವನ ನೆಮ್ಮದಿ ಕಾಣುತ್ತಿತ್ತು. ಗೆಳೆತನಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ.

ಅವನು ಹೋದದ್ದು ಧನುರ್ಮಾಸದ ಒಂದು ಬೆಳಗ್ಗೆ. ಹೊರಗೆ ದಟ್ಟ ಮಂಜು. ವಿಮಲ, ಶಾಂತ, ನಾನು ಇದ್ದೆವು. ಅವನ ಕೈ ಹಾಸಿಗೆಯಿಂದ ಎದ್ದು ಏನನ್ನೋ ಹುಡುಕಿತು. ನನಗೆ ಆದಿರಾಜಯ್ಯನವರ ಕೋಣೆ ಕಣ್ಣಿಗೆ ಕಟ್ಟಿ ಎದ್ದುನಿಂತೆ. ಆದರೆ ಈ ಕೈಗೆ ಯಾರ ನೆರವೂ ಬೇಕಿರಲಿಲ್ಲ. ದಾರ ಬೆರಳಿಗೆ ಸಿಕ್ಕಿತು. ಅವನು ಎಳೆದ. ಮೇಲ್ಗಿಟಕಿ ಮೆಲ್ಲನೆ ತೆರೆದು ಮಂಜಿನ ಹಸಿಗಾಳಿ ಒಳಗೆ ಬಂತು. ಅವನು ಒಂದು ಉಸಿರು ತೆಗೆದುಕೊಂಡ. ಇನ್ನೂ ಒಂದು. ಆಮೇಲೆ ತೆಗೆದುಕೊಳ್ಳಲಿಲ್ಲ.

ಸುದ್ದಿ ತಿಳಿದು ಜನ ಬಂದರು. ಪನಮರಂನವರು, ಪಯ್ಯಂಪಳ್ಳಿಯ ಕಡೆಯ ಬಂಧುಗಳು, ಬಸದಿಯವರು, ಹಣ್ಣು ಹಂಚಿಕೊಂಡು ತಿಂದ ಹಳೆಯ ರೋಗಿಗಳ ಮನೆಯವರು. ವಿಮಲರ ಅಳು, ಹಿರಿಯರ ಮಂತ್ರ, ಆ ಸಣ್ಣ ಕೋಣೆ ಮತ್ತೆ ಜನರಿಂದ ತುಂಬಿತು. ಅವನ ತಲೆಯ ಬಳಿಯ ಮೀಟರಿನಲ್ಲಿ ಅಂಕಿ ಏರುತ್ತ ಹೋಯಿತು. ಅಷ್ಟು ಹೊತ್ತು ಪಿಸುಗುಡುತ್ತಿದ್ದ ಪೆಟ್ಟಿಗೆ ಜೋರಾಯಿತು, ಫ್ಯಾನು ವೇಗ ಹಿಡಿಯಿತು, ಉಳಿದ ಎರಡು ಮೇಲ್ಗಿಟಕಿಗಳೂ ತಾವಾಗಿ ಒಂದಾದ ಮೇಲೊಂದು ತೆರೆದುಕೊಂಡವು. ಅವನ ಉಸಿರು ಆ ಲೆಕ್ಕದಲ್ಲಿರಲಿಲ್ಲ. ಆ ಗಾಳಿಯೆಲ್ಲ ನಮಗಾಗಿ ಬಂದದ್ದು. ಅಳುವವರಿಗೆ ಹೆಚ್ಚು ಉಸಿರು ಬೇಕೆಂದು ಅವನ ಮನೆಗೆ ತಿಳಿದಿತ್ತು.

ಯಾರೋ, “ಎಂತಾ ಚಳಿ! ಆ ಕಿಟಕಿ ಮುಚ್ಚಿ” ಎಂದರು.

ಪದ್ಮರಾಜರು ಶಾಲು ಹೊದ್ದು ಆ ಕಿಟಕಿಯ ಕೆಳಗೇ ನಡುಗುತ್ತ ನಿಂತಿದ್ದರು. “ಬೇಡ” ಎಂದರು. “ತೆರೆದಿರಲಿ.”

ಅಜಿತಪ್ರಸಾದನಂಥವರ ಬದುಕನ್ನು ಬರೆಯುವುದು ಕಷ್ಟ, ಏಕೆಂದರೆ ಅವರು ಮಾಡಿದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಸೇತುವೆ ಕಟ್ಟಿದವನನ್ನು ಜನ ಸೇತುವೆ ದಾಟುವಾಗ ನೆನೆಯಬಹುದು, ಬಾವಿ ತೋಡಿಸಿದವನನ್ನು ನೀರು ಸೇದುವಾಗ ನೆನೆಯಬಹುದು. ಒಳ್ಳೆಯ ಗಾಳಿಯನ್ನು ಯಾರೂ ನೆನೆಯುವುದಿಲ್ಲ. ಕೆಟ್ಟಾಗ ಮಾತ್ರ ಅದು ಅರಿವಿಗೆ ಬರುತ್ತದೆ. ಲೋಕದಲ್ಲಿ ಇಂಥ ಕೆಲವರಿದ್ದಾರೆ: ಬಾರದೆ ಹೋದ ತಲೆನೋವು, ಕಟ್ಟದೆ ಹೋದ ಉಸಿರು, ಸುಡದೆ ಉಳಿದ ಹುಳ, ಇವೇ ಅವರ ಗಳಿಕೆ. ಅವರು ಒಂದು ಕೋಣೆಗೆ ಬರುತ್ತಾರೆ, ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ, ಯಾರನ್ನೂ ಕೇಳದೆ ಒಂದು ಚಿಲಕ ತೆಗೆಯುತ್ತಾರೆ, ಹೋಗುತ್ತಾರೆ. ಆಮೇಲೆ ಆ ಕೋಣೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಅವರು ಬಿಟ್ಟುಹೋಗುವ ಸ್ಮಾರಕ ಅದೊಂದೇ.